ಗಿರಣಿಯ ಪೋಲು ಬಿಸಿಯ ಬೆನ್ನು ಹತ್ತಿ

ಅರಸೀಕೆರೆ ಬಸ್ ನಿಲ್ದಾಣಕ್ಕೆ ಬೆಳಿಗ್ಗೆ ಆರೂವರೆಗೆ ಬಂದಾಗಲೇ ನನಗೆ ಸಿಟ್ಟು ನೆತ್ತಿಗೇರಿತ್ತು. ಹಿಂದಿನ ದಿನ ನಾನು ಪಾಠ ಮಾಡುವ ಪಾಲಿಟೆಕ್ನಿಕ್‌ನ ಪ್ರಿನ್ಸಿಪಾಲರು ಕರೆದು, "ಆ ಕಬ್ಬಿಣದ ರಾಶಿ ಸೋಮವಾರ ಇಲ್ಲೇ ಬಿದ್ದಿದ್ದರೆ ಗುಜರಿಗೆ ಹಾಕಿಸ್ತೀನಿ. ಆ ಜಾಗಕ್ಕೆ ಕಂಪ್ಯೂಟರ್ ಬರ್ತಿವೆ. ಬೇಕಿದ್ರೆ ಎಲ್ಲಾದ್ರೂ ಒಂದು ತಿಂಗಳು ಓಡಿಸಿ ತೋರಿಸಿ" ಎಂದಿದ್ದರು. ಕಬ್ಬಿಣದ ರಾಶಿಯಂತೆ. ವರ್ಕ್‌ಶಾಪಿನ ರುದ್ರಪ್ಪನವರು ಮೂರು ವರ್ಷ ಲೇತಿನ ಮುಂದೆ ನಿಂತು ಕಡೆದ ಯಂತ್ರ ಅದು. ಲೆಕ್ಕ ನನ್ನದು, ಕೈ ಅವರದು.

ಯಂತ್ರದ ಕೆಲಸ ಇಷ್ಟೇ. ಡೀಸೆಲ್ ಎಂಜಿನ್ ಕುಡಿಯುವ ಎಣ್ಣೆಯ ದೊಡ್ಡ ಪಾಲು ಹೊಗೆಕೊಳವೆಯಲ್ಲಿ ಬಿಸಿಯಾಗಿ ಪೋಲಾಗುತ್ತದೆ. ಆ ಬಿಸಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಒತ್ತಿ ಕಾಯಿಸಿದರೆ ಅದು ಉಬ್ಬಿ ಒಂದು ಚಕ್ರವನ್ನೂ, ಚಕ್ರ ಒಂದು ಡೈನಮೊವನ್ನೂ ತಿರುಗಿಸುತ್ತವೆ. ಆಮೇಲೆ ಅನಿಲವನ್ನು ತಣ್ಣೀರಿನಲ್ಲಿ ತಣಿಸಿ, ದ್ರವ ಮಾಡಿ, ಮತ್ತೆ ಒಳಗೆ ನೂಕಬೇಕು. ತೊಡಕು ಅಲ್ಲೇ. ಮೂವತ್ತೊಂದು ಡಿಗ್ರಿ ದಾಟಿದರೆ ಅದು ದ್ರವವಾಗುವುದೇ ಇಲ್ಲ, ಏಪ್ರಿಲ್ ತಿಂಗಳಲ್ಲಿ ಅರಸೀಕೆರೆಯ ನಲ್ಲಿ ನೀರಿನಲ್ಲಿ ಟೀ ಕಾಯಿಸಬಹುದು. ಅರೇಹಳ್ಳಿಯ ಅಕ್ಕಿ ಗಿರಣಿಯೊಂದರ ಹಿಂದೆ ತಣ್ಣನೆಯ ಹಳ್ಳವಿದೆ, ದಿನಾ ಮಧ್ಯಾಹ್ನ ಕರೆಂಟ್ ಹೋದಾಗ ಅಲ್ಲಿ ಡೀಸೆಲ್ ಎಂಜಿನ್ ಓಡುತ್ತದೆ ಎಂದು ತಿಳಿದು, ಮಾಲೀಕರಿಗೆ ಫೋನ್ ಮಾಡಿ ಹೊರಟಿದ್ದೆವು. ಎರಡು ಗೋಣಿಚೀಲದಲ್ಲಿ ಯಂತ್ರ, ಜೊತೆಗೆ ಗೋಲಿ ಸೋಡಾ ಅಂಗಡಿಯಿಂದ ತಂದ ಅನಿಲದ ಸಿಲಿಂಡರ್.

ಹಳೇಬೀಡಿನಲ್ಲಿ ಬಸ್ ಬದಲಿಸಬೇಕಿತ್ತು. ಬೇಲೂರಿನ ಬಸ್ಸಿನ ಕಂಡಕ್ಟರ್ ಸಿಲಿಂಡರ್ ನೋಡಿದ್ದೇ ಬಾಗಿಲಿಗೆ ಅಡ್ಡ ನಿಂತ.

"ಗ್ಯಾಸ್ ಹತ್ಸಂಗಿಲ್ಲ. ಖಾಲಿ ಮಾಡ್ಕೊಂಡು ಬನ್ನಿ."

"ಇದು ಬೆಂಕಿ ಆರಿಸೋ ಗ್ಯಾಸ್ ಕಣ್ರೀ. ಸೋಡಾ ಕುಡಿದಿಲ್ವಾ ನೀವು?" ಎಂದೆ.

"ಸೋಡಾನೋ ಶರಬತ್ತೋ, ಸಿಲಿಂಡರ್ ಸಿಲಿಂಡರೇ."

ನಾನು ಗಂಟಲು ಹರಿಯುವಂತೆ ಕೂಗಾಡಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಬಸ್ ಹೋಯಿತು. ಪ್ರವಾಸಿಗರು ಗುಡಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರೆ ನಾವು ಬಿಸಿಲಲ್ಲಿ ಸೌತೆಕಾಯಿ ತಿನ್ನುತ್ತ ಒಂದೂವರೆ ಗಂಟೆ ಕೂತೆವು. ಕೊನೆಗೆ ಒಂದು ಖಾಸಗಿ ಬಸ್ಸಿನವನು ಸಿಲಿಂಡರಿಗೂ ಒಂದು ಆಳಿನ ಟಿಕೆಟ್ ಹರಿದು ಹತ್ತಿಸಿಕೊಂಡ. ಹದಿನಾರು ಕಿಲೋಮೀಟರೂ ರುದ್ರಪ್ಪನವರು ಅದನ್ನು ತೊಡೆಗಳ ನಡುವೆ ಹಿಡಿದುಕೊಂಡೇ ಇದ್ದರು. ಬೇಲೂರಿನಲ್ಲಿ ಮುದ್ದೆ, ಹುರುಳಿ ಸಾರು ಉಂಡು ಅರೇಹಳ್ಳಿ ಬಸ್ ಹಿಡಿದೆವು. ಅಲ್ಲಿ ಯಾರೂ ತಕರಾರು ತೆಗೆಯಲಿಲ್ಲ.

ಗಿರಣಿಯ ಸಾಹುಕಾರರು ಒಳ್ಳೆಯ ಮನುಷ್ಯ. ನಮಗಾಗಿ ಹೊಗೆಕೊಳವೆಯ ಸುತ್ತಲಿನ ಜಾಗವನ್ನೆಲ್ಲ ತೆರವು ಮಾಡಿಸಿದ್ದರು. ಕೊಳವೆಗೆ ಒತ್ತಿಕೊಂಡಿದ್ದ ಇಟ್ಟಿಗೆಯ ಕಟ್ಟೆಯೊಂದನ್ನು ಹೊಸದಾಗಿ ಒಡೆದಿದ್ದರು. ಏಕೆಂದು ನಾನು ಕೇಳಲಿಲ್ಲ. ಕರೆಂಟ್ ಹೋಗಿ ಎಂಜಿನ್ ಶುರುವಾಯಿತು. ಹಳ್ಳದ ನೀರು ಇಪ್ಪತ್ತೆರಡು ಡಿಗ್ರಿ ಇತ್ತು. ನಾಲ್ಕು ಗಂಟೆಗೆ ಚಕ್ರ ಕುಂಯ್‌ಗುಟ್ಟಿ ತಿರುಗಿತು, ಅರವತ್ತು ಕ್ಯಾಂಡಲ್ ಬಲ್ಬು ಹತ್ತಿತು. ರುದ್ರಪ್ಪನವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು, ಎಷ್ಟು ಹೊತ್ತಾದರೂ ಹಾಕಿಕೊಳ್ಳಲಿಲ್ಲ. ಸಾಹುಕಾರರು, "ತಿಂಗಳಲ್ಲ, ವರ್ಷ ಇರ್ಲಿ ಬಿಡಿ ಸಾರ್" ಎಂದರು.

ಐದು ಗಂಟೆಗೆ ಕೇರುವ ಕೆಲಸದ ಏಳೆಂಟು ಹೆಂಗಸರು ಬಿಂದಿಗೆ ಹಿಡಿದು ಬಂದರು. ಮೈಯೆಲ್ಲ ಹೊಟ್ಟಿನ ಧೂಳು, ಕೈಗಳ ಮೇಲೆ ಕೆಂಪು ದದ್ದು. ಗೋಡೆಯ ಬಳಿ ಬೋರಲು ಹಾಕಿದ್ದ ದೊಡ್ಡ ಹಂಡೆಯನ್ನು ನೋಡಿ ನಿಂತುಬಿಟ್ಟರು. ಒಡೆದ ಆ ಕಟ್ಟೆಯ ಮೇಲೆ ಇದ್ದದ್ದು ಅದು. ಅವರಲ್ಲಿ ಹಿರಿಯಳಾದ ಕೆಂಚಮ್ಮ ನನ್ನನ್ನು ಕೇಳಿದಳು.

"ನಮ್ ಹಂಡೆ ಯಾಕ್ ತೆಗ್ಸಿದ್ರಿ ಸಾಮಿ?"

"ಪೋಲಾಗ್ತಿದ್ದ ಬಿಸಿಯಿಂದ ಕರೆಂಟ್ ಮಾಡ್ತಿದ್ದೀವಿ ಕಣಮ್ಮ," ಎಂದೆ.

"ಪೋಲಾಗ್ತೈತೆ ಅಂತ ಯಾರಂದ್ರು? ಹನ್ನೊಂದು ವರ್ಷದಿಂದ ಇದ್ರಲ್ಲೇ ನೀರ್ ಕಾಯ್ಸ್ಕೊಂಡು ಮೈ ತೊಳ್ಕಂಡು ಮನೆಗ್ ಹೋಗೋದು. ಈ ನವೆ ಹೊತ್ಕಂಡು ಮಕ್ಳನ್ನ ಎತ್ಕಳಾಕಾಯ್ತದಾ?"

ಮೈ ಉರಿದುಹೋಯಿತು. ಉಮಿ ಸುಟ್ಟು ಕಾಯಿಸಿಕೊಳ್ಳಿ, ಅದೇನು ದೊಡ್ಡ ವಿಷಯ ಎಂದು ರೇಗಿದೆ. ಅವಳು ದನಿ ಏರಿಸಲಿಲ್ಲ. "ಉಮಿ ಮುಟ್ಟಂಗಿಲ್ಲ. ಇಟ್ಟಿಗೆ ಗೂಡಿನೋರಿಗೆ ಹೋಯ್ತದೆ."

ಸಾಹುಕಾರರು ಹಳ್ಳದ ಕಡೆ ನೋಡುತ್ತ ನಿಂತರು. ನಾನು ಬಾಯಿ ತೆರೆಯುವ ಮೊದಲೇ ರುದ್ರಪ್ಪನವರು ಎಂಜಿನ್ ನಿಲ್ಲಿಸಿ, ಅನಿಲವನ್ನು ಬುಸ್ಸೆಂದು ಹೊರಗೆ ಬಿಟ್ಟರು. ಕೈಗೆ ಒದ್ದೆ ಗೋಣಿ ಸುತ್ತಿಕೊಂಡು, ಕೊಳವೆಯಿಂದ ಯಂತ್ರ ಬಿಚ್ಚಲು ಸ್ಪ್ಯಾನರ್ ಎತ್ತಿದರು.

"ಏನು ಮಾಡ್ತಿದ್ದೀರಿ? ಸೋಮವಾರ ಗುಜರಿಗೆ ಹೋಗುತ್ತೆ ಇದು," ಎಂದು ಕೂಗಿದೆ.

"ಬಲ್ಬು ಉರೀತಲ್ಲ ಸಾರ್. ನಾನು ನೋಡ್ದೆ. ಆ ಕಡೆ ಹಿಡ್ಕೊಳ್ಳಿ, ಸುಡುತ್ತೆ."

ಹಿಡಿದುಕೊಂಡೆ. ಅವರ ಎರಡು ಬೆರಳು ಬೊಬ್ಬೆ ಎದ್ದವು. ಒಡೆದ ಇಟ್ಟಿಗೆಗಳನ್ನೇ ಹೆಂಗಸರು ಕೆಸರು ಮೆತ್ತಿ ಜೋಡಿಸಿದರು, ಎಂಜಿನ್ ಮತ್ತೆ ಓಡಿತು. ನಾವು ಗೋಣಿಚೀಲ ಹೊತ್ತು ಹೊರಟಾಗ ಕೆಂಚಮ್ಮ ಹಂಡೆಯೊಳಗೆ ಬೆರಳಿಟ್ಟು ಬಿಸಿ ನೋಡುತ್ತಿದ್ದಳು.

ದಾರಿಯುದ್ದಕ್ಕೂ ನಾನು ರುದ್ರಪ್ಪನವರಿಗೆ ಬೆನ್ನು ಹಾಕಿ ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಸೋಮವಾರ ಗುಜರಿಯವನು ಬಂದ, ಅವರೇ ಯಂತ್ರದ ಒಂದು ಕಡೆ ಹಿಡಿದು ಗಾಡಿಗೆ ಹತ್ತಿಸಿದರು. ಪ್ರಿನ್ಸಿಪಾಲರ ಮೇಲಿನ ಸಿಟ್ಟು ಒಂದೆರಡು ವರ್ಷದಲ್ಲಿ ಇಳಿಯಿತು. ಆ ಹೆಂಗಸರ ಕೈಗಳನ್ನು ಕಣ್ಣಾರೆ ಕಂಡ ಮೇಲೂ ನಾನು ಬಲ್ಬಿನ ಕಡೆಗೇ ನೋಡುತ್ತ ನಿಂತಿದ್ದೆನಲ್ಲ, ನನ್ನ ಮೇಲಿನ ಆ ಸಿಟ್ಟು ಇನ್ನೂ ಇಳಿದಿಲ್ಲ.