ಕಲ್ಲು ತಾಗಿದಾಗ ನಾನು ಎದ್ದು ನಿಂತದ್ದು

ಸಿರುಗುಪ್ಪದ ಹತ್ತಿರ ಹೊಳೆಯ ದಡದಲ್ಲಿ ಹಳೆ ಕಾಲದ ರಾಜ ಅಕ್ಷರ ಕೆತ್ತಿಸಿದ ಬಂಡೆಯೊಂದಿದೆ. ಅದರ ಸುತ್ತ ಈಗ ಉದ್ಯಾನ ಮಾಡಿ, ಟೆಂಟ್ ಹೊಡೆದು, ಬಂದವರನ್ನು ಕಯಾಕ್ ಎಂಬ ಕಿರುದೋಣಿಯಲ್ಲಿ ಕೂರಿಸಿ ಹೊಳೆ ಸುತ್ತಿಸುತ್ತಾರೆ. ನಾನು ಹುಡುಗಿಯಾಗಿದ್ದಾಗ ಆ ಬಂಡೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆವು. ಆ ಅಕ್ಷರ ನನಗೆ ಓದಲು ಬರುವುದಿಲ್ಲ. ಅಲ್ಲಿಗೆ ಬರುವ ಕಲಿತವರಿಗೂ ಬರುವುದಿಲ್ಲ.

ಹೋದ ಚಳಿಗಾಲ ಮೊಮ್ಮಗಳು ನನ್ನನ್ನು ಈಗ ನಾವಿರುವ ಪಾರ್ವತಿನಗರದ ಮನೆಯಿಂದ ಅಲ್ಲಿಗೆ ಕರೆದುಕೊಂಡು ಹೋದಳು. ಪ್ರೀತಿಗಲ್ಲ. ಅಲ್ಲಿ ಕಯಾಕ್ ನಡೆಸುವ ಕೆಲಸ ಅವಳಿಗೆ ಬೇಕಿತ್ತು, ಆ ದಿನ ಪರೀಕ್ಷೆ. ಬಂದ ಮಂದಿಯನ್ನು ನಡುಗಡ್ಡೆ ಸುತ್ತಿಸಿ ಯಾರನ್ನೂ ನೀರಿಗೆ ಬೀಳಿಸದೆ ತಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಕಂಟೋನ್ಮೆಂಟಿನಿಂದ ಐವರು ಬರುವವರಿದ್ದರು. ಅವರಲ್ಲೊಬ್ಬರು ಹಿಂದಿನ ದಿನ ಒಲ್ಲೆ ಎಂದರು. ಉಳಿದ ನಾಲ್ವರು ಇಬ್ಬಿಬ್ಬರಾಗಿ ಬೇರೆ ಕಯಾಕಿನಲ್ಲಿ, ಅವಳ ಕಯಾಕಿನ ಮುಂದಿನ ಸೀಟು ತುಂಬಲು ನಾನು.

ನಮ್ಮಪ್ಪ ಅದೇ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಮದುವೆಯಾಗಿ ಬಾದನಹಟ್ಟಿಗೆ ಹೋಗುವ ತನಕ ನಾನೂ ಹಾಕಿದ್ದೇನೆ. ಹಾಗಾಗಿ ಅವಳು ದಡದಲ್ಲೊಮ್ಮೆ, ನೀರಿಗಿಳಿದ ಮೇಲೊಮ್ಮೆ ಹೇಳಿದ್ದು ನನ್ನ ತಲೆಗೆ ಹೋಗಲಿಲ್ಲ.

"ಅಜ್ಜಿ, ಎದ್ದು ನಿಂದ್ರಬ್ಯಾಡ. ಏನರ ಆಗ್ಲಿ, ಕುಂತಾಕಿ ಕುಂತೇ ಇರು."

"ಹೊಳಿ ನಿನಗಿಂತ ಮೊದ್ಲು ನನಗ ಗೊತ್ತೈತಿ. ನಡಿ ಸುಮ್ನ."

ನಡುಗಡ್ಡೆ ಹತ್ತಿರ ತಳ ಕಲ್ಲಿಗೆ ತಾಗಿತು. ಹರಿಗೋಲು ಕಲ್ಲಿಗೆ ತಾಗಿದರೆ ಮುಂದೆ ಕೂತವರು ಕೂಡಲೇ ಎದ್ದು ಕೋಲು ಊರಿ ತಳ್ಳಬೇಕು. ಇಲ್ಲದಿದ್ದರೆ ತಳದ ತೊಗಲು ಹರಿಯುತ್ತದೆ. ತಡ ಮಾಡಿದರೆ ಅಪ್ಪ ಬೆನ್ನಿಗೆ ಕೊಡುತ್ತಿದ್ದ. ನಾನು ಎದ್ದೆ, ಹುಟ್ಟು ಊರಿದೆ. ಹರಿಗೋಲು ಬುಟ್ಟಿಯಂತೆ ಅಗಲ. ಇದು ಹೀರೇಕಾಯಿ. ಇಬ್ಬರೂ ನೀರಿಗೆ ಬಿದ್ದೆವು.

ನೀರು ಎದೆಮಟ್ಟವಿತ್ತು. ಅವಳು ಮೊದಲು ನನ್ನ ಲೈಫ್ ಜಾಕೆಟ್ ಹಿಡಿದಳು, ಆಮೇಲೆ ಕಯಾಕ್. ಬೈಯಲಿಲ್ಲ. ನನ್ನನ್ನು ಮತ್ತೆ ಕೂರಿಸಿ ದಡಕ್ಕೆ ಹುಟ್ಟು ಹಾಕಿದಳು.

ದಡದಲ್ಲಿ ಕಯಾಕುಗಳ ಮಾಲೀಕ ನಿಂತಿದ್ದ. "ಏನಜ್ಜಿ, ಸ್ನಾನ ಆತೇನು?" ಎಂದು ನನ್ನನ್ನು ಕೇಳಿ, ಅವಳ ಕಡೆ ತಿರುಗಿದ. "ಮನ್ಯಾಗಿನ ಮುದುಕಿನ್ನ ಕುಂದ್ರಸಾಕ ಆಗ್ಲಿಲ್ಲ, ಊರ ಮಂದೀನ ಹೆಂಗ ಕುಂದ್ರಸ್ತೀಯವ್ವಾ?"

"ಆಕಿ ಎರಡು ಸಲ ಹೇಳಿದ್ಲು. ಕೇಳದಾಕಿ ನಾನು," ಎಂದೆ.

"ಕೇಳಂಗ ಹೇಳೋದೇ ಕೆಲ್ಸ, ಅಜ್ಜಿ."

ಸರಿಯಾದ ಮಾತೇ. ಆದರೂ ಬಿಡಲಿಲ್ಲ. "ಹಂಗಾರ ಮತ್ತೊಮ್ಮೆ ನನ್ನೇ ಕುಂದ್ರಸ್ಲಿ. ನಾನು ಕೇಳಿದ್ರ ಯಾರಾದ್ರೂ ಕೇಳ್ತಾರ."

ಅವನು ನಕ್ಕು, ಊಟ ಆದ ಮೇಲೆ ನೋಡೋಣ ಎಂದ. ಒದ್ದೆ ಸೀರೆಯನ್ನು ಬಂಡೆಯ ಮೇಲೆ ಹಾಕಲು ಹೋದೆ. ಕಾವಲಿನವನು ಬಿಡಲಿಲ್ಲ. ಟೆಂಟಿನ ಹಗ್ಗಕ್ಕೆ ಹಾಕಿದೆ.

ಅಲ್ಲಿ ಮೊಮ್ಮಗಳು ಕೇಳಿದಳು, "ಎದ್ದಿದ್ದಾದ್ರೂ ಯಾಕ?"

ತೊಗಲಿನ ಮಾತು ಹೇಳಿದೆ.

"ಅಯ್ಯ, ಇದು ಪ್ಲಾಸ್ಟಿಕ್ಕು, ಅಜ್ಜಿ. ಕಲ್ಲಿಗೆ ಉಜ್ಜಿದ್ರೂ ಹರಿಯಂಗಿಲ್ಲ. ಎದ್ರ ಮಾತ್ರ ಮಗಚತೈತಿ."

"ಇದನ್ನ ಮುಂಜಾನಿ ಹೇಳಬೇಕಿತ್ತಲೇ."

ಮಧ್ಯಾಹ್ನ ನನ್ನನ್ನೇ ಕೂರಿಸಿ ಅವಳು ಬೇಕೆಂದೇ ಅದೇ ಕಲ್ಲಿಗೆ ಒಯ್ದಳು. ತಳ ಕರಕರ ಎಂದಿತು. ನನ್ನ ಕಾಲುಗಳು ತಾವಾಗಿ ಏಳಹೊರಟವು. ಎರಡೂ ಕೈ ತೊಡೆಯ ಕೆಳಗಿಟ್ಟು ಅದುಮಿ ಕೂತೆ. ಅವಳು ಹಿಂದಿನಿಂದ ಹುಟ್ಟು ಒತ್ತಿದಳು, ಕಯಾಕ್ ಜಾರಿತು, ಅಷ್ಟೇ.

ಸಂಜೆ ಮಾಲೀಕ ಅವಳಿಗೆ ಸೋಮವಾರದಿಂದ ಬಾ ಎಂದ. ನನಗೆ, "ನೀವು ಮಾತ್ರ ಬರಬ್ಯಾಡ್ರಿ," ಎಂದ.

ಈಗ ಅವಳು ಬಂದವರಿಗೆ ಎದ್ದು ನಿಲ್ಲಬೇಡಿ ಎನ್ನುವುದರ ಜೊತೆಗೆ ಯಾಕೆಂದೂ ಹೇಳುತ್ತಾಳಂತೆ. ನಾನು ಬಿದ್ದದ್ದನ್ನೂ ಹೇಳಿ ನಗಿಸುತ್ತಾಳಂತೆ. ಹೇಳಲಿ.