ಫೋಟೋ ಬೇಡವೆಂದ ಡಾಕ್ಟರಮ್ಮ

ಅಸಹ್ಯವಾದಾಗ ನಮ್ಮ ಡಾಕ್ಟರಮ್ಮನ ಮೇಲ್ದುಟಿ ಎಡಕ್ಕೆ ಸರಿದು, ಎಲೆಯಡಿಕೆಯಿಂದ ಕೆಂಪಾದ ಒಂದು ಕೋರೆಹಲ್ಲು ಕಾಣುತ್ತಿತ್ತು. ಕೀವು ಸೋರುವ ಗಾಯ, ಕೊಳೆತ ಬೆರಳು, ಬಾಣಂತಿಯ ಹಾಸಿಗೆ, ಇದ್ಯಾವುದರ ಮುಂದೂ ಆ ಹಲ್ಲು ಹೊರಬಂದದ್ದನ್ನು ನಾನು ಕಂಡಿಲ್ಲ. ಅಂಥ ಹೊತ್ತಿನಲ್ಲಿ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತುಬಿಡುತ್ತಿದ್ದರು. ಕಂಕುಳಲ್ಲಿ ಎಕ್ಸ್‌ರೇ ಲಕೋಟೆ ಅವುಚಿಕೊಂಡು ಯಾರಾದರೂ ಒಳಗೆ ಬಂದರೆ ಮಾತ್ರ ಹಲ್ಲು ಕಾಣುತ್ತಿತ್ತು.

ಹರಪನಹಳ್ಳಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಮನೆಯ ಮುಂದಿನ ಕೋಣೆಯನ್ನೇ ದವಾಖಾನೆ ಮಾಡಿಕೊಂಡಿದ್ದರು. ಮೂಲ ಕೊಟ್ಟೂರು. ಮದುವೆಯಾಗಿರಲಿಲ್ಲ. ಬೈಗುಳಕ್ಕೆ ಹೆದರಿ ಎಷ್ಟೋ ಹೆಂಗಸರು ಅವರ ಬಾಗಿಲಿಗೇ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಊರಲ್ಲಿ ಹೊಸ ನರ್ಸಿಂಗ್ ಹೋಮ್ ಬಂತು, ಜೊತೆಗೆ ಎಕ್ಸ್‌ರೇ ಯಂತ್ರವೂ ಬಂತು. ಕೆಮ್ಮಿಗೆ ಫೋಟೋ, ಮೊಣಕಾಲು ನೋವಿಗೆ ಫೋಟೋ, ಹಸಿವಿಲ್ಲ ಅಂದರೂ ಫೋಟೋ. ಫೋಟೋ ತೆಗೆಯದ ಡಾಕ್ಟರಿಗೆ ಏನೂ ಬರುವುದಿಲ್ಲ ಎಂಬ ಮಾತು ಹುಟ್ಟಿಕೊಂಡಿತು. "ಒಂದು ಫೋಟೋ ತೆಗಿಸಿಬಿಡ್ರಿ ಅಮ್ಮಾರ, ಮನಸಿಗೆ ಸಮಾಧಾನ" ಎಂದು ಕೇಳಿದವನಿಗೆ ಅವರು, "ಮನಸು ಫೋಟೋದಾಗ ಬರಂಗಿಲ್ಲ, ಅಂಗಿ ಬಿಚ್ಚು" ಎಂದು ಹೇಳಿ ಬೆನ್ನು ತಟ್ಟಿ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ತಟ್ಟಿದ ಮೇಲೂ ಅನುಮಾನ ಉಳಿದರೆ ತಾವೇ ಚೀಟಿ ಬರೆದು ಅದೇ ನರ್ಸಿಂಗ್ ಹೋಮಿಗೆ ಕಳಿಸುತ್ತಿದ್ದರು. ಅವರ ಸಿಟ್ಟು ಯಂತ್ರದ ಮೇಲಲ್ಲ ಎಂದು ಜನಕ್ಕೆ ಹೇಳಿದರೂ ತಿಳಿಯುತ್ತಿರಲಿಲ್ಲ.

ನನ್ನ ತಂಗಿಯನ್ನು ಹತ್ತಿರದ ತೆಲಿಗಿ ಹಳ್ಳಿಗೆ ಕೊಟ್ಟಿತ್ತು. ಮದುವೆಯ ವರ್ಷವೇ ಅವಳಿಗೆ ವಾಂತಿ ಶುರುವಾಯಿತು. ನರ್ಸಿಂಗ್ ಹೋಮಿನ ಡಾಕ್ಟರು ಹೊಟ್ಟೆಯಲ್ಲಿ ಹುಣ್ಣಿರಬಹುದು, ಮರುದಿನ ಬರಿಹೊಟ್ಟೆಯಲ್ಲಿ ಬಂದು ಸುಣ್ಣದಂಥ ಬಿಳಿ ಔಷಧ ಕುಡಿಯಬೇಕು, ಅದು ಇಳಿಯುತ್ತಾ ಹೋದಂತೆ ಹೊಟ್ಟೆಯ ಫೋಟೋಗಳನ್ನು ತೆಗೆಯುತ್ತೇನೆ ಎಂದು ಹೇಳಿ ಕಳಿಸಿದ್ದರು. ಅವಳು ನಮ್ಮ ಮನೆಗೆ ಬಂದಾಗ ಮುಖ ಬಾಡಿತ್ತು. ನಾನು ಪಕ್ಕದ ಮನೆಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ. ಮುಟ್ಟಾಗಿ ಎಷ್ಟು ದಿನ ಆತು? ಎರಡು ತಿಂಗಳು ಮೀರಿತ್ತು. ಅಲ್ಲಿ ಇದನ್ನು ಕೇಳಲಿಲ್ಲವೇ ಎಂದರು. ಯಾರೂ ಕೇಳಿರಲಿಲ್ಲ.

ಹಲ್ಲು ಹೊರಬಂತು. ಚಪ್ಪಲಿ ಮೆಟ್ಟಿ ನಮ್ಮಿಬ್ಬರನ್ನೂ ಹಿಂದೆ ಬರಹೇಳಿ ನರ್ಸಿಂಗ್ ಹೋಮಿಗೆ ನಡೆದೇಬಿಟ್ಟರು. ಆ ಡಾಕ್ಟರು ಎದ್ದು ಕುರ್ಚಿ ಕೊಟ್ಟರು. ಇವರು ಕೂರಲಿಲ್ಲ. ಬಸುರಿಯ ಹೊಟ್ಟೆಗೆ ಫೋಟೋ ಯಾಕೆ ಬರೆದಿರಿ ಎಂದಾಗ ಆತ ನಕ್ಕರು.

"ಜನ ಕೇಳ್ತಾರ ಮೇಡಂ. ತೆಗಿಲಿಲ್ಲ ಅಂದ್ರ ಬ್ಯಾರೆ ಕಡಿ ಹೋಗ್ತಾರ."

"ಕೇಳ್ತಾರಂತ ಕೊಡಾಕ ಇದು ಮಂಡಕ್ಕಿ ಅಲ್ರೀ. ಮೈಯಾಗ ಹಾದು ಹೋಗೋ ಕಿರಣ ಅದು. ಈ ಹುಡುಗಿಗೆ ಅದರಿಂದ ಏನು ಸಿಗತಿತ್ತು, ಹೇಳ್ರಿ."

ಆತ ನಗುವನ್ನು ನಿಲ್ಲಿಸಲಿಲ್ಲ. ಹೊರಗೆ ಬಂದ ಡಾಕ್ಟರಮ್ಮ ನಡುಬೀದಿಯಲ್ಲಿ ನಿಂತು ಚರಂಡಿಗೆ ಕ್ಯಾಕರಿಸಿ ಉಗಿದರು. ಅಷ್ಟು ಓದಿದ ಹೆಂಗಸು ಹಾಗೆ ಉಗಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಆ ನಗು ನೆನಪಾದರೆ ಈಗಲೂ ನನಗೆ ಬಾಯಿ ಕಹಿಯಾಗುತ್ತದೆ.

ತಂಗಿಗೆ ಏಳು ತಿಂಗಳು ತುಂಬಿದಾಗ, ಚಿಗಟೇರಿಯ ನೆಂಟರ ಮನೆಯಿಂದ ಅವಳು ಕೂತು ಬರುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರ್ ಮಗುಚಿತು. ಅವಳನ್ನು ಅದೇ ನರ್ಸಿಂಗ್ ಹೋಮಿಗೆ ತಂದರು. ಬಲಪಕ್ಕೆ ನೀಲಿಗಟ್ಟಿತ್ತು, ಉಸಿರು ಮೇಲಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಎದೆಯ ಎಕ್ಸ್‌ರೇ ಬೇಕು ಎಂದಾಗ ಅವಳ ಅತ್ತೆ ಅಡ್ಡ ನಿಂತರು. ಹಿಂದೆ ಡಾಕ್ಟರಮ್ಮನೇ ಬೇಡವೆಂದಿದ್ದರಲ್ಲ, ಮೊಮ್ಮಗನಿಗೆ ಏನಾದರೂ ಆದರೆ ಎಂಬುದು ಅವರ ವಾದ. ತಂಗಿಯ ಗಂಡ ತಾಯಿಯ ಮುಖ ನೋಡುತ್ತಾ ನಿಂತಿದ್ದ. ಹಿಂದೆ ನಗುತ್ತಿದ್ದ ಡಾಕ್ಟರು ಈಗ ಕೈಕಟ್ಟಿ ನಿಂತು, ಮನೆಯವರು ಒಪ್ಪದಿದ್ದರೆ ತಾನೇನು ಮಾಡಲಿ ಎನ್ನುತ್ತಿದ್ದರು. ತಂಗಿಯ ತುಟಿ ಕಪ್ಪಾಗುತ್ತಿತ್ತು. ಆಕೆಯನ್ನು ಕೇಳುವ ಯೋಚನೆ ಯಾರಿಗೂ ಬರಲಿಲ್ಲ. ನಾನು ಓಡಿಹೋಗಿ ಡಾಕ್ಟರಮ್ಮನನ್ನು ಕರೆತಂದೆ.

ಅವರು ಎದೆಯ ಎರಡೂ ಕಡೆ ತಟ್ಟಿ ನೋಡಿದರು. ಬಲಗಡೆ ಗಾಳಿ ತುಂಬಿದಂತಿದೆ, ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿರಬೇಕು, ಎಲ್ಲಿ ಎಷ್ಟು ಎಂದು ಕಂಡರೆ ಗಾಳಿ ತೆಗೆಯಲು ಕೊಳವೆ ಹಾಕಬಹುದು ಎಂದರು. ಅತ್ತೆ ಮತ್ತೆ ಕೂಸಿನ ಮಾತೆತ್ತಿದರು.

"ತಾಯಿ ಉಸಿರು ನಿಂತ್ರ ಕೂಸು ಯಾರ ಉಸಿರು ತಗೊಂತೈತಿ?" ಎಂದರು ಡಾಕ್ಟರಮ್ಮ. ಧ್ವನಿ ಏರಿರಲಿಲ್ಲ. "ಅವತ್ತು ಬ್ಯಾಡ ಅಂದಾಕಿ ನಾನ, ಇವತ್ತು ತಗೀರಿ ಅನ್ನಾಕಿನೂ ನಾನ. ಅವತ್ತು ಇಕಿಗೆ ಅದರಿಂದ ಏನೂ ಇರಲಿಲ್ಲ. ಇವತ್ತು ಜೀವ ಐತಿ."

ಆಮೇಲೆ ತಂಗಿಯ ಕಿವಿಯ ಹತ್ತಿರ ಬಗ್ಗಿ ಕೇಳಿದರು. ಅವಳು ಕಣ್ಣು ಮುಚ್ಚಿ ತೆರೆದು ಹೂಂ ಎಂದಳು. ಹೊಟ್ಟೆಯ ಮೇಲೆ ಸೀಸದ ಹೊದಿಕೆ ಹಾಸಿ ಎದೆಯ ಒಂದೇ ಫೋಟೋ ತೆಗೆದರು. ಆ ಡಾಕ್ಟರೇ ಕೊಳವೆ ಹಾಕಿದರು, ಕೈ ಚೆನ್ನಾಗಿಯೇ ಇತ್ತು. ಗಾಳಿ ಹೊರಬಂದಾಗ ತಂಗಿ ಉದ್ದಕ್ಕೆ ಉಸಿರೆಳೆದ ಸದ್ದು ಕೋಣೆಗೆಲ್ಲ ಕೇಳಿಸಿತು. ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು. ಮೊಮ್ಮಗನಿಗಾಗಿ ಅಡ್ಡ ನಿಂತಿದ್ದ ಅತ್ತೆ ನೋಡಲು ಬಂದು ಮುಖ ತಿರುವಿ ಕೂತರು.

ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ಡಾಕ್ಟರಮ್ಮನಿಗೇ ಯಕೃತ್ತಿನಲ್ಲಿ ಗಡ್ಡೆ ಕಂಡಿತು. ಮೈಯೆಲ್ಲ ಹರಡಿತ್ತು. ವಾಸಿಯಾಗದು ಎಂದು ಅವರಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ತಮ್ಮನ ಮಗ ದಾವಣಗೆರೆಯ ದೊಡ್ಡದೊಂದು ಆಸ್ಪತ್ರೆಗೆ ಸೇರಿಸಿದ. ನಾನೂ ತಂಗಿಯೂ ನೋಡಲು ಹೋದಾಗ ಅವರನ್ನು ಮತ್ತೆ ಸ್ಕ್ಯಾನಿಗೆ ಒಯ್ಯಲು ಸ್ಟ್ರೆಚರ್ ತಂದಿದ್ದರು. ಹಿಂದಿನ ವಾರವಷ್ಟೇ ಒಂದು ಆಗಿತ್ತು. ಅವರು ಮಂಚದ ಕಂಬಿ ಹಿಡಿದು ಅಡ್ಡಡ್ಡ ತಲೆಯಾಡಿಸುತ್ತಿದ್ದರು. ಮಾತು ಆಗಲೇ ನಿಂತಿತ್ತು. ವಾರ್ಡಿನ ಎಳೆಯ ಡಾಕ್ಟರು, "ಅಜ್ಜಿಗೆ ಪ್ರಜ್ಞೆ ಸರಿಯಿಲ್ಲ, ಹೆದರಿದ್ದಾರೆ" ಎಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಹೆದರಿಕೆಯಲ್ಲ, ಬೇಡ ಅನ್ನುತ್ತಿದ್ದಾರೆ ಎಂದೆ. ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು. ಪಕ್ಕದ ಮನೆಯವಳು ಎಂದಾಗ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು.

ಆಸ್ಪತ್ರೆಯ ತಣ್ಣನೆಯ ಕಾರಿಡಾರಿನಲ್ಲಿ ಸ್ಕ್ಯಾನಿನ ಸರದಿಗಾಗಿ ಅವರನ್ನು ಬಹಳ ಹೊತ್ತು ಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಹೋಗಿಬಿಟ್ಟರು.

ಹೆಣ ಕೊಡುವಾಗ ತಮ್ಮನ ಮಗ ಬಂದವರಿಗೆಲ್ಲ ಹೇಳುತ್ತಿದ್ದ, "ಏನೂ ಕಡಿಮಿ ಮಾಡಲಿಲ್ಲ ನೋಡ್ರಿ. ಇದ್ದ ಬದ್ದ ಸ್ಕ್ಯಾನಿಂಗ್ ಎಲ್ಲಾ ಮಾಡಿಸಿದ್ವಿ." ಕೇಳಿದವರೆಲ್ಲ ಮೆಚ್ಚಿ ತಲೆದೂಗಿದರು. ತಂಗಿ ಯಾರ ಕಡೆಗೂ ನೋಡದೆ, ಬಟ್ಟೆಯಿಂದ ಹೊರಗೆ ಉಳಿದಿದ್ದ ಆ ಪಾದಗಳನ್ನು ತನ್ನ ಸೆರಗಿನಿಂದ ಮುಚ್ಚಿ, ವ್ಯಾನ್ ಬರುವವರೆಗೂ ಅಲ್ಲೇ ಕೂತಳು.