ವೆಂಕಟಾಚಲ ಡೇರೆ ಬುಕ್ ಮಾಡಿದ್ದು

ಬಸವನಗುಡಿಯ ವೆಂಕಟಾಚಲನಿಗೆ ವಿಮಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಸರ್ವಿಸ್ ಆಗಿತ್ತು. ಅಲ್ಲಿ ಅವನನ್ನು ಯಾರೂ ದೊಡ್ಡ ಮನುಷ್ಯನೆಂದು ಲೆಕ್ಕಕ್ಕೆ ಇಟ್ಟಿರಲಿಲ್ಲ. ಅವನ ದೊಡ್ಡಸ್ತಿಕೆಯೆಲ್ಲ ನೆಂಟರ ನಡುವೆ. ಯಾರ ಮನೆಯಲ್ಲಿ ಮದುವೆ ಗೊತ್ತಾಗಲಿ, ಮುಂಜಿ ಗೊತ್ತಾಗಲಿ, "ಛತ್ರ ನೋಡೋಕೆ ಮೊದಲು ವೆಂಕಟಾಚಲನ್ನ ಕರ್ಕೊಂಡು ಹೋಗಿ" ಎನ್ನುತ್ತಿದ್ದರು. ಅವನು ಹೋದನೆಂದರೆ ಛತ್ರದ ಮ್ಯಾನೇಜರ್ ಎದ್ದು ನಿಲ್ಲುತ್ತಿದ್ದ. ನಲ್ಲಿ ತಿರುಗಿಸಿ ಬಕೆಟ್ ತುಂಬಲು ಎಷ್ಟು ಹೊತ್ತಾಗುತ್ತದೆಂದು ಗಡಿಯಾರ ನೋಡುವುದು, ಅಡುಗೆಮನೆಯ ಚರಂಡಿಯ ಮುಂದೆ ಬಗ್ಗಿ ಮೂಸುವುದು, ಉಗ್ರಾಣಕ್ಕೆ ಎರಡನೇ ಬೀಗದ ಕೈ ಇದೆಯೇ ಎಂದು ವಿಚಾರಿಸುವುದು, ಅಡುಗೆಯವರು ಮಲಗಲು ಬೇರೆ ಜಾಗವಿದೆಯೇ ಎಂದು ಕೇಳುವುದು, ಎಲ್ಲವೂ ಅವನ ಉದ್ದನೆಯ ಡೈರಿಯಲ್ಲಿ ಪಟ್ಟಿಯಾಗಿತ್ತು. ಇಂಥ ಮಹಾನುಭಾವ ಸಾವಿರದ ಒಂಬೈನೂರ ತೊಂಬತ್ತೇಳರ ಬೇಸಿಗೆಯಲ್ಲಿ ಮಾಡಿದ ಎಡವಟ್ಟನ್ನು ಅವನ ಬಾಯಿಂದಲೇ ಕೇಳಬೇಕು. ತನ್ನನ್ನು ತಾನು ಬೈದುಕೊಳ್ಳುವುದರಲ್ಲೂ ಅವನಿಗೆ ಕೊಂಚ ಜಂಬವಿದೆ.

ಮಗಳು ಆರಾಧನಾ ಆಗ ಒಂಬತ್ತನೇ ಕ್ಲಾಸು. ಅವಳ ಗೆಳತಿಯೊಬ್ಬಳು ಅಪ್ಪ ಅಮ್ಮನ ಜೊತೆ ಹೊಳೆಯ ದಡದಲ್ಲಿ ಡೇರೆ ಹಾಕಿಕೊಂಡು ಮೂರು ದಿನ ಇದ್ದು ಬಂದಿದ್ದಳು. ಅಷ್ಟು ಸಾಕಾಯಿತು. "ನಾವೂ ಹೋಗೋಣ" ಎಂದು ಅವಳು, ಅವಳ ಹಿಂದೆ ತಮ್ಮ ಮಧುಸೂದನ್, ಇಬ್ಬರೂ ಹಗಲಿರುಳು ಪ್ರಾಣ ತಿನ್ನತೊಡಗಿದರು. ವೆಂಕಟಾಚಲ ಹೂಂ ಎಂದ.

ಹೆಂಡತಿ ಕೋಕಿಲಾ ಮಾತ್ರ ಒಂದೇ ಒಂದು ಮಾತು ಕೇಳಿದಳು. "ಎಲ್ಲಿಗಾದ್ರೂ ಬರ್ತೀನಿ ರೀ. ಮರದ ಕೆಳಗೆ ಮಲಗು ಅಂದ್ರೂ ಮಲಗ್ತೀನಿ. ಮೂರು ದಿನ ನನಗೆ ಒಲೆ ಮುಂದೆ ನಿಲ್ಲೋ ಕೆಲಸ ಇರಬಾರದು, ಅಷ್ಟೇ."

ಕೇಳಿದ್ದರಲ್ಲಿ ಅತಿಯೇನೂ ಇರಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷಗಳಲ್ಲಿ ಆ ಮನೆಯವರು ತಿರುಗಾಡಲು ಹೋಗಲಿಲ್ಲವೆಂದಲ್ಲ. ಹೋದಾಗಲೆಲ್ಲ ಅವಳು ಬೆಳಗಿನ ಜಾವ ಎದ್ದು ಪುಳಿಯೋಗರೆ, ಮೊಸರನ್ನ ಕಟ್ಟುತ್ತಿದ್ದಳು. ಇಳಿದ ಊರಿನಲ್ಲಿ ಸ್ಟೌವ್ ಹಚ್ಚುತ್ತಿದ್ದಳು. ವೆಂಕಟಾಚಲನ ತಾಯಿ ತುಳಸಮ್ಮನವರು ಹೊರಗಿನ ಅಡುಗೆ ಮುಟ್ಟುತ್ತಿರಲಿಲ್ಲ. ವೆಂಕಟಾಚಲನಿಗೂ ಹೊತ್ತುಹೊತ್ತಿಗೆ ಬಿಸಿ ಸಾರಿಲ್ಲದಿದ್ದರೆ ಹೊಟ್ಟೆ ಕೆಡುತ್ತಿತ್ತು, ಅಥವಾ ಕೆಡುತ್ತದೆಂದು ಅವನು ಹೇಳಿಕೊಂಡು ಬಂದಿದ್ದ. "ಆಯ್ತು ಕಣೇ, ಅದೇನು ಮಹಾ" ಎಂದು ಅವಳಿಗೆ ಮಾತು ಕೊಟ್ಟ.

ಡೇರೆಗಳ ಕಂಪನಿಯ ಆಫೀಸು ಮಲ್ಲೇಶ್ವರದಲ್ಲಿ, ಒಂದು ಸೀರೆ ಅಂಗಡಿಯ ಮಹಡಿಯ ಮೇಲೆ. ಅಲ್ಲಿ ಕೂತಿದ್ದವರು ನರಸಿಂಹಯ್ಯ. ಅವರು ಫೋಟೋಗಳ ಆಲ್ಬಮ್ ತೆರೆದು, ಕಾವೇರಿ ದಂಡೆಯಲ್ಲಿ ತಮ್ಮದು ಎರಡು ಸೈಟು ಎಂದು ತೋರಿಸಿದರು. ಒಂದು ಬಂಡೆ ಸೈಟು, ನೀರಿಗೆ ಹತ್ತಿರ, ಊಟ ತಿಂಡಿ ಕ್ಯಾಂಪಿನವರದೇ. ಇನ್ನೊಂದು ಹುಣಸೆ ಸೈಟು, ಕೊಂಚ ಹಿಂದೆ, ಅಡುಗೆ ನಾವೇ ಮಾಡಿಕೊಳ್ಳಬೇಕು. ಬೇರೆ ಯಾರಾದರೂ ಆಗಿದ್ದರೆ ಆಲ್ಬಮ್ ನೋಡಿ, ಹೆಂಡತಿಗೆ ಕೊಟ್ಟ ಮಾತು ನೆನೆದು, ಬಂಡೆ ಸೈಟು ಎಂದು ಬೆರಳಿಟ್ಟು ಮನೆಗೆ ಹೋಗುತ್ತಿದ್ದರು. ವೆಂಕಟಾಚಲ ಹಾಗೆ ಮಾಡಿದರೆ ಅವನ ಹೆಸರಿನ ಗತಿ ಏನಾಗಬೇಕು?

"ಸೈಟ್ ನೋಡದೆ ನಾನು ಬುಕ್ ಮಾಡಲ್ಲ ಸಾರ್" ಎಂದ.

"ಮೂರೂವರೆ ಗಂಟೆ ದಾರಿ ಸಾರ್. ಯಾರೂ ನೋಡೋಕೆ ಅಂತ ಹೋಗಲ್ಲ."

"ಯಾರೂ ಹೋಗಲ್ಲ, ನಾನು ಹೋಗ್ತೀನಿ."

ಹೋದ. ಭಾನುವಾರ ಎರಡು ಬಸ್ಸು ಬದಲಾಯಿಸಿ, ಕೊನೆಗೊಂದು ಟೆಂಪೋ ಹತ್ತಿ, ಡೈರಿ ಕಂಕುಳಲ್ಲಿಟ್ಟುಕೊಂಡು ಇಳಿದ. ಕಾವಲಿನವನು ಮೊದಲು ಬಂಡೆ ಸೈಟಿಗೆ ಕರೆದುಕೊಂಡು ಹೋದ. ಅಲ್ಲಿ ನಲ್ಲಿಯೇ ಇಲ್ಲ. ಊಟಕ್ಕೆ ಮರದ ನೆರಳೇ ಸೂರು. ಕಕ್ಕಸಿಗೆ ಬಿದಿರು ತಟ್ಟಿಯ ಮರೆ. ವೆಂಕಟಾಚಲ ಡೈರಿಯಲ್ಲಿ ಅಡ್ಡಗೆರೆ ಎಳೆಯುತ್ತಾ ಬಂದು ಪುಟ ಮುಗಿಸಿದ. ಹುಣಸೆ ಸೈಟಿಗೆ ಬಂದ ಮೇಲೆ ಅವನ ಮುಖ ಅರಳಿತು. ಆಹಾ, ಏನು ಅಡುಗೆಮನೆ! ಶೀಟು ಹೊದಿಸಿದ ಸೂರು, ಕಡಪ ಕಲ್ಲಿನ ಕಟ್ಟೆ, ಎರಡು ನಲ್ಲಿ, ಪಾತ್ರೆ ತೊಳೆಯಲು ಬೇರೆ ಜಾಗ, ನೀರು ನಿಲ್ಲದ ಚರಂಡಿ. ಬಗ್ಗಿ ಮೂಸಿದ, ವಾಸನೆಯೇ ಇಲ್ಲ. ಬಕೆಟ್ ಇಟ್ಟು ಗಡಿಯಾರ ನೋಡಿದ, ಒಂದು ನಿಮಿಷ ಹತ್ತು ಸೆಕೆಂಡು. ಚಾಮರಾಜಪೇಟೆಯ ಎಷ್ಟೋ ಛತ್ರಗಳಲ್ಲಿ ಇಷ್ಟು ಸೊಗಸು ಇರಲಿಲ್ಲ.

"ಒಂದು ಪಂಕ್ತಿಗೆ ಎಷ್ಟು ಜನ ಕೂರಬಹುದಪ್ಪ ಇಲ್ಲಿ?" ಎಂದು ಕೇಳಿದ.

ಕಾವಲಿನವನು ತಲೆ ಕೆರೆದುಕೊಂಡು, "ಗಂಡು ಯಾವೂರು ಸಾಮಿ?" ಎಂದ.

ರಾತ್ರಿಯ ಊಟಕ್ಕೆ ಮನೆ ಸೇರಿದಾಗ ಆರಾಧನಾ ಓಡಿಬಂದು, "ಹೊಳೆ ಹೇಗಿದೆ ಅಪ್ಪ?" ಎಂದಳು. ವೆಂಕಟಾಚಲ ಯೋಚಿಸಿ ನೋಡಿದ. ಚರಂಡಿ ನೆನಪಿತ್ತು, ನಲ್ಲಿ ನೆನಪಿತ್ತು. "ಇದೆ ಇದೆ, ಹೊಳೆ ಇದೆ" ಎಂದು ಹೇಳಿ ಕೈಕಾಲು ತೊಳೆಯಲು ಹೋದ.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಮಲ್ಲೇಶ್ವರಕ್ಕೆ ಓಡಿದ. ನರಸಿಂಹಯ್ಯ ಫಾರಂ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

"ಎಷ್ಟು ಜನ ಸಾರ್?"

"ಐದು ಜನ."

"ಹುಣಸೆ ಸೈಟಲ್ಲಿ ಡೇರೆಗೆ ನಾಲ್ಕೇ ಹಾಸಿಗೆ. ಐದನೇದು ಹಾಕಕ್ಕಾಗಲ್ಲ." ಅವರು ಫಾರಂ ತಿರುಗಿಸಿ ನೋಡಿದರು. "ಅಡುಗೆಯವರು ಇದ್ರೆ ಅವರನ್ನ ಇದರಲ್ಲಿ ಸೇರಿಸೋದಿಲ್ಲ ಸಾರ್. ಅವರಿಗೆ ಅಡುಗೆಮನೆ ಪಕ್ಕದಲ್ಲೇ ರೂಮಿದೆ. ಅಡುಗೆ ಯಾರದು?"

ಕಥೆ ಇಲ್ಲಿಗೆ ಬಂದಾಗ ವೆಂಕಟಾಚಲ ಆಣೆ ಮಾಡುತ್ತಾನೆ: ತಲೆಗೆ ಹೊಳೆಯುವ ಮೊದಲೇ ಬಾಯಿ ಹೇಳಿಬಿಟ್ಟಿತಂತೆ. ಅಡುಗೆ ಯಾರದು ಎಂದು ಕೇಳಿದರೆ ಅವನಿಗೆ ಗೊತ್ತಿದ್ದ ಉತ್ತರ ಒಂದೇ.

"ಕೋಕಿಲಾ" ಎಂದ.

"ಹಾಗಿದ್ರೆ ಮಿಕ್ಕವರು ನಾಲ್ಕೇ. ಸರಿಹೋಯ್ತಲ್ಲ ಸಾರ್!"

"ಸರಿಹೋಯ್ತು" ಎಂದು ವೆಂಕಟಾಚಲನೂ ನಕ್ಕ. ಅಡುಗೆಯವರಿಗೆ ಬೇರೆ ಕೋಣೆ ಇದೆಯಲ್ಲ, ಎಷ್ಟು ಅಚ್ಚುಕಟ್ಟು ಎಂದು ಮೆಚ್ಚಿಕೊಳ್ಳುತ್ತಲೇ ಮೆಟ್ಟಿಲಿಳಿದ. ಬರುವ ದಾರಿಯಲ್ಲಿ ಗಾಂಧಿ ಬಜಾರಿನಲ್ಲಿ ಇಳಿದು ಹೆಂಡತಿಗೆ ಎರಡು ಮೊಳ ಮಲ್ಲಿಗೆ ಬೇರೆ ಕೊಂಡ. ಎಂಥ ಗಂಡ!

ಸಂಜೆ ಕಾಫಿ ಆದ ಮೇಲೆ ಎಲ್ಲರನ್ನೂ ಹಾಲಿನಲ್ಲಿ ಕೂರಿಸಿ, ರಸೀದಿಯನ್ನು ಆರಾಧನಾಳ ಕೈಗೆ ಕೊಟ್ಟು, "ಜೋರಾಗಿ ಓದು, ಅಜ್ಜಿಗೂ ಕೇಳಿಸಲಿ" ಎಂದ. ಅವಳು ಎದ್ದು ನಿಂತು ಓದಿದಳು.

"ಹುಣಸೆ ಸೈಟು, ಮೇ ಎರಡರಿಂದ ನಾಲ್ಕು. ಅತಿಥಿಗಳು. ಒಂದು, ಶ್ರೀ ವೆಂಕಟಾಚಲ. ಎರಡು, ಶ್ರೀಮತಿ ತುಳಸಮ್ಮ. ಮೂರು, ಕುಮಾರಿ ಆರಾಧನಾ. ನಾಲ್ಕು, ಮಾಸ್ಟರ್ ಮಧುಸೂದನ್." ಅವಳು ತಲೆಯೆತ್ತಿದಳು. "ಅಮ್ಮನ ಹೆಸರೇ ಇಲ್ವಲ್ಲಪ್ಪ?"

"ಇರುತ್ತೆ, ಕೆಳಗೆ ನೋಡು."

"ಅಡುಗೆಯವರು, ಕೋಕಿಲಾ. ವಸತಿ, ಅಡುಗೆಮನೆ ಪಕ್ಕದ ಕೋಣೆ."

ಮಗಳ ಬಾಯಲ್ಲಿ ಕೇಳಿದಾಗಲೇ ಅದು ವೆಂಕಟಾಚಲನ ಕಿವಿಗೆ ಬಿದ್ದದ್ದು. ಕೋಕಿಲಾ ಬಾಗಿಲ ಹತ್ತಿರ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಬಂದು ರಸೀದಿ ತೆಗೆದುಕೊಂಡು ಒಮ್ಮೆ ಓದಿದಳು, ಇನ್ನೊಮ್ಮೆ ಓದಿದಳು.

"ತಪ್ಪೇನಿಲ್ವಲ್ಲ" ಎಂದಳು. "ಸರಿಯಾಗೇ ಬರೆಸಿದೀರ."

ಒಳಗೆ ಹೋದಳು. ಬೈದಿದ್ದರೆ, ಪಾತ್ರೆ ಎತ್ತಿ ಕುಕ್ಕಿದ್ದರೆ ವೆಂಕಟಾಚಲ ಬದುಕಿಕೊಳ್ಳುತ್ತಿದ್ದ. ಅವಳು ಏನೂ ಆಗಿಲ್ಲವೆಂಬಂತೆ ರಾತ್ರಿಯ ಸಾರಿಗೆ ಬೇಳೆ ತೊಳೆಯುತ್ತಿದ್ದಳು. ಅವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೂ ಮಹಾಶಯ ಸುಮ್ಮನಿರಬೇಕಲ್ಲ, "ಅಮ್ಮ ಹೊರಗಡೆ ತಿನ್ನಲ್ಲವಲ್ಲ, ಅದಕ್ಕೇ..." ಎಂದು ತಾಯಿಯ ಕಡೆ ಕೈ ತೋರಿಸಿದ.

ತುಳಸಮ್ಮನವರು ಕನ್ನಡಕ ತೆಗೆದರು. "ನಾನು ಡೇರೆಗೆ ಬರ್ತೀನಿ ಅಂತ ಯಾವಾಗ ಹೇಳಿದ್ನೋ? ನೀನು ಕೇಳಿದ್ಯಾ? ನಾನು ಮೂರು ದಿನ ನಿನ್ನ ಅಕ್ಕನ ಮನೇಲಿರ್ತೀನಿ, ನನಗೂ ಹಾಯಾಗಿರುತ್ತೆ. ನಿನಗೆ ಬಿಸಿ ಸಾರು ಬೇಕು ಅಂತ ನೇರವಾಗಿ ಹೇಳೋ. ನನ್ನ ಹೆಸರು ಹೇಳಿ ಅವಳನ್ನ ಬೇಯಿಸ್ಬೇಡ."

ಸೋಫಾದ ಮೇಲೆ ಕೂತವನಿಗೆ ಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ. ಮಲ್ಲಿಗೆಯ ಪೊಟ್ಟಣ ಹಾಗೇ ಮೇಜಿನ ಮೇಲೆ ಇತ್ತು, ಕೊಡುವ ಧೈರ್ಯವಾಗಲಿಲ್ಲ.

ಮಾರನೆಯ ದಿನ ಮತ್ತೆ ಮಲ್ಲೇಶ್ವರ. ರಸೀದಿ ನೋಡಿದ ಕೂಡಲೇ ನರಸಿಂಹಯ್ಯನವರು ಮರುಗಿದರು.

"ಅಡುಗೆಯವರು ಕೈ ಕೊಟ್ರಾ ಸಾರ್? ಮದುವೆ ಸೀಸನ್ನು, ಹೀಗೇ ಮಾಡ್ತಾರೆ. ಶ್ರೀರಾಂಪುರದಲ್ಲಿ ನಮಗೆ ಗೊತ್ತಿರೋರು ಒಬ್ರಿದಾರೆ, ಹೇಳ್ಲಾ?"

"ಅವರು ಅಡುಗೆಯವರಲ್ಲ" ಎಂದ ವೆಂಕಟಾಚಲ. "ನನ್ನ ಹೆಂಡತಿ."

ನರಸಿಂಹಯ್ಯ ಮುಖ ಎತ್ತಲಿಲ್ಲ. ಆ ಉಪಕಾರವನ್ನು ವೆಂಕಟಾಚಲ ಇಂದಿಗೂ ಮರೆತಿಲ್ಲ. ಅವರು ಹಳೆಯ ಫಾರಂ ಹರಿದು, ಹೊಸದು ತೆಗೆದು, "ಬಂಡೆ ಸೈಟು ಬರ್ಕೊಳ್ಳಾ ಸಾರ್?" ಎಂದರು.

"ಬರ್ಕೊಳ್ಳಿ."

"ಅಲ್ಲಿ ನಲ್ಲಿ ಇಲ್ಲ."

"ಗೊತ್ತು ಸಾರ್. ಮೊದಲನೇ ಹೆಸರು ಕೋಕಿಲಾ ಅಂತ ಬರೀರಿ."

ಮೇ ಎರಡನೆಯ ತಾರೀಖು ನಾಲ್ವರೂ ಹೋದರು. ಹೊಳೆ ನಿಜವಾಗಿಯೂ ಇತ್ತು, ಚೆನ್ನಾಗಿಯೂ ಇತ್ತು. ಮಕ್ಕಳು ನೀರಿಗಿಳಿದವರು ಕೂಗಿದರೂ ಬರಲಿಲ್ಲ. ಕೋಕಿಲಾ ಬಂಡೆಯ ಮೇಲೆ ಕಾಲು ಚಾಚಿ ಕೂತಳು. ಮಧ್ಯಾಹ್ನದವರೆಗೂ ಏಳಲೇ ಇಲ್ಲ. ವೆಂಕಟಾಚಲ ಅವಳಿಗೆ ಏನು ಹೇಳಬೇಕೆಂದು ತಿಳಿಯದೆ, ನೀರು ಬೇಕೇ, ಬಿಸಿಲಾಯಿತೇ ಎಂದು ನಾಲ್ಕು ಸಲ ಸುತ್ತಿ ಹೋದ. ಐದನೇ ಸಲಕ್ಕೆ ಅವಳು, "ಒಂದ್ಕಡೆ ಕೂತ್ಕೊಳ್ರೀ" ಎಂದು ನಕ್ಕಳು. ಹದಿನೈದು ದಿನದಲ್ಲಿ ಅವಳು ಅವನನ್ನು ನೋಡಿ ನಕ್ಕದ್ದು ಅದೇ ಮೊದಲು.

ಮರದ ಕೆಳಗೆ ಚಾಪೆ ಹಾಕಿ ಊಟಕ್ಕೆ ಕರೆದರು. ಕ್ಯಾಂಪಿನ ಅಡುಗೆಯ ಪಾರ್ವತಮ್ಮ ಮುದ್ದೆ, ಬಸ್ಸಾರು, ಹುರುಳಿಕಾಯಿ ಪಲ್ಯ ಬಡಿಸಿದರು. ವೆಂಕಟಾಚಲನ ಹೊಟ್ಟೆ ಕೆಡಲಿಲ್ಲ. ಎರಡನೇ ಸಲ ಸಾರು ಹಾಕಿಸಿಕೊಂಡ, ನಾಚಿಕೆ ಬಿಟ್ಟು ಮೂರನೇ ಸಲವೂ ತಟ್ಟೆ ಚಾಚಿದ. ಆಗ ಕೋಕಿಲಾ ತುತ್ತು ನಿಲ್ಲಿಸಿ ತಲೆಯೆತ್ತಿದಳು.

"ಪಾರ್ವತಮ್ಮ, ನಿಮ್ದು ಊಟ ಆಯ್ತಾ?"

ಸೌಟು ಹಿಡಿದಿದ್ದ ಪಾರ್ವತಮ್ಮ ತಬ್ಬಿಬ್ಬಾದರು. "ನೀವೆಲ್ಲ ಏಳಿ ತಾಯಿ, ಆಮ್ಯಾಕೆ ನಮ್ದು. ಇಲ್ಲಿಗೆ ಬಂದೋರು ಯಾರೂ ಹಿಂಗೆ ಕೇಳ್ದೋರಿಲ್ಲ."

ವೆಂಕಟಾಚಲನ ಕೈ ತಟ್ಟೆಯಲ್ಲೇ ನಿಂತಿತು. ಅವನು ಮನಸ್ಸಿನಲ್ಲೇ ತನ್ನ ಮನೆಗೆ ಹೋಗಿ ನೋಡಿದ. ಬೆಳಿಗ್ಗೆ ತನ್ನ ಊಟ ಎಂಟೂವರೆಗೆ, ಮಕ್ಕಳದು ಒಂಬತ್ತಕ್ಕೆ, ಅಮ್ಮನದು ಹನ್ನೊಂದಕ್ಕೆ. ಅಷ್ಟೇ. ಮುಂದಕ್ಕೆ ಅವನಿಗೆ ಏನೂ ಗೊತ್ತಿರಲಿಲ್ಲ. ಪಾರ್ವತಮ್ಮ ಆಚೆ ಹೋಗುವವರೆಗೆ ಕಾದು, ಹೆಂಡತಿಯ ಕಡೆ ಬಗ್ಗಿ ಮೆಲ್ಲಗೆ ಕೇಳಿದ.

"ಮನೇಲಿ ನೀನು ಎಷ್ಟ್ ಹೊತ್ತಿಗೆ ಊಟ ಮಾಡ್ತೀಯೇ?"

ಕೋಕಿಲಾಗೆ ಕೋಪವಿರಲಿಲ್ಲ. ಅವಳೂ ಅದನ್ನು ಈಗಲೇ ಮೊದಲು ಯೋಚಿಸುತ್ತಿರುವಂತೆ ಕೊಂಚ ಹೊತ್ತು ಹೊಳೆಯ ಕಡೆ ನೋಡಿದಳು.

"ಗೊತ್ತಿಲ್ಲ ರೀ. ಕೂತ್ಕೊಂಡು ಮಾಡಿದ್ರೆ ತಾನೇ ಹೊತ್ತು ನೋಡೋದು" ಎಂದು ಹೇಳಿ, ಇನ್ನೊಂದು ತುತ್ತು ಮುರಿದುಕೊಂಡಳು.